ಮೇಳದ ಮೂಲಕಥೆ ಮತ್ತು ಮೇಳದ ಚರಿತ್ರೆ: ಅಮೇಡಿಯಸ್ ಕ್ವಾರ್ಟೆಟ್‌ನ ಆರಂಭದ ವರ್ಷಗಳು

ಜನಪದ ಗಾಯಕ ಮೇಳಗಳ ಅಧ್ಯಯನಕ್ಕೆ ತೊಡಗುವವರು ಮೊದಲು ಬರೆದುಕೊಳ್ಳುವ ಸಂಗತಿಗಳಲ್ಲಿ ಮೇಳದ ಹುಟ್ಟಿನ ಕಥೆಯೂ ಒಂದು. ನೀಲಗಾರರ ಮೇಳವಿರಲಿ, ದೇವರಗುಡ್ಡರ ತಂಡವಿರಲಿ, ‘ನೀವು ಒಟ್ಟುಗೂಡಿದ್ದು ಹೇಗೆ?’ ಎಂದು ಕೇಳಿದರೆ ಉತ್ತರ ಸಾಮಾನ್ಯವಾಗಿ ಒಂದೇ ಗಳಿಗೆಯ ಕಥೆಯಾಗಿ ಬರುತ್ತದೆ. ಯಾವುದೋ ಜಾತ್ರೆಯ ರಾತ್ರಿ, ಯಾರೋ ಹಾಡಿದರು, ಇನ್ಯಾರೋ ದನಿಗೂಡಿಸಿದರು, ಅಂದಿನಿಂದ ಮೇಳ ನಿಂತಿತು. ಎರಡನೆಯ, ಮೂರನೆಯ ಭೇಟಿಯಲ್ಲಿ ಬೇರೆ ಸಂಗತಿಗಳು ಹೊರಬೀಳುತ್ತವೆ. ತಂಬೂರಿಗೆ ದುಡ್ಡು ಕೊಟ್ಟವರು ಯಾರು, ಕಲಿಯುವ ದಿನಗಳಲ್ಲಿ ಅನ್ನ ಹಾಕಿದವರು ಯಾರು, ಮುಂದೆ ನಿಂತು ಹಾಡಬೇಕೆಂದಿದ್ದವನು ಹಿಮ್ಮೇಳಕ್ಕೆ ಸರಿದದ್ದು ಯಾವಾಗ ಎಂಬಂಥವು. ಮೂಲಕಥೆ ಸುಳ್ಳಲ್ಲ, ಅದು ನೆನಪು ತನಗಾಗಿ ಮಾಡಿಕೊಂಡ ಸಂಕ್ಷೇಪ. ಆದರೆ ಸಂಕ್ಷೇಪದಲ್ಲಿ ಬಿಟ್ಟುಹೋಗುವುದು ಬಹುಪಾಲು ಇತರರ ಋಣವೇ ಆಗಿರುತ್ತದೆ.

ಈ ದೃಷ್ಟಿಯಿಂದ ನಮ್ಮ ನೆಲಕ್ಕೆ ದೂರವಾದ ಒಂದು ಮೇಳವನ್ನು ನೋಡುವುದು ಪ್ರಸ್ತುತ ಲೇಖನದ ಉದ್ದೇಶ. ಅದು 1948ರಿಂದ 1987ರವರೆಗೆ ಅದೇ ನಾಲ್ವರು ಸದಸ್ಯರೊಡನೆ ನಡೆದ, ಲಂಡನ್ನಿನ ಅಮೇಡಿಯಸ್ ಕ್ವಾರ್ಟೆಟ್. ನಾನು ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದಲ್ಲಿ ಶಿಕ್ಷಣ ಪಡೆದವನಲ್ಲ. ಆದ್ದರಿಂದ ಅವರ ವಾದನದ ಗುಣವಿಮರ್ಶೆ ಇಲ್ಲಿಲ್ಲ. ನಾಲ್ವರು ಯುವಕರು, ಅವರಲ್ಲಿ ಮೂವರು ನಿರಾಶ್ರಿತರು, ಒಂದು ಮೇಳವನ್ನು ಕಟ್ಟಿ ಅದರಿಂದಲೇ ಬದುಕುವಂತಾದದ್ದು ಹೇಗೆ ಎಂಬುದಷ್ಟೇ ಇಲ್ಲಿನ ಪ್ರಶ್ನೆ.

ಅಮೇಡಿಯಸ್ ಮೇಳದ ಬಗೆಗೆ ಪ್ರಚಲಿತವಿರುವ ಕಥೆ ಹೀಗಿದೆ: ಹಿಟ್ಲರನ ದಬ್ಬಾಳಿಕೆಯಿಂದ ತಪ್ಪಿಸಿಕೊಂಡು ಇಂಗ್ಲೆಂಡಿಗೆ ಬಂದ ಯೆಹೂದಿ ಹುಡುಗರನ್ನು ಆ ದೇಶ ಶತ್ರುಗಳೆಂದು ಬಗೆದು ಶಿಬಿರದಲ್ಲಿ ಕೂಡಿಹಾಕಿತು, ಮುಳ್ಳುತಂತಿಯ ಬೇಲಿಯೊಳಗೆ ಅವರು ಪರಸ್ಪರರನ್ನು ಕಂಡುಕೊಂಡರು, ಅಲ್ಲಿ ಹುಟ್ಟಿದ ಸಂಗೀತ ಮುಂದೆ ಜಗತ್ತನ್ನು ಗೆದ್ದಿತು. ದಾಖಲೆಗಳನ್ನು ಎದುರಿಗಿಟ್ಟುಕೊಂಡರೆ ಕಥೆಯ ಎಳೆಗಳು ಬೇರೆ ಬೇರೆಯಾಗುತ್ತವೆ. ಮೂವರೂ ಒಂದೇ ಶಿಬಿರದಲ್ಲಿ ಒಟ್ಟಿಗೆ ಕೂಡಿದವರಲ್ಲ. ನಾರ್ಬರ್ಟ್ ಬ್ರೈನಿನ್ ಮತ್ತು ಪೀಟರ್ ಶಿಡ್ಲಾಫ್ ಭೇಟಿಯಾದದ್ದು ಶ್ರಾಪ್‌ಶೈರ್ ಪ್ರಾಂತದ ಪ್ರೀಸ್ ಹೀತ್ ಶಿಬಿರದಲ್ಲಿ. ಕೆಲವು ತಿಂಗಳಲ್ಲಿ ಬ್ರೈನಿನ್‌ಗೆ ಬಿಡುಗಡೆಯಾಯಿತು. ಅನಂತರ ಐಲ್ ಆಫ್ ಮ್ಯಾನ್ ದ್ವೀಪದ ಆಂಕನ್ ಶಿಬಿರದಲ್ಲಿ ಶಿಡ್ಲಾಫ್‌ಗೆ ಸಿಗ್ಮಂಡ್ ನಿಸೆಲ್‌ನ ಪರಿಚಯವಾಯಿತು. ನಾಲ್ಕನೆಯವನಾದ ಮಾರ್ಟಿನ್ ಲವೆಟ್ ಲಂಡನ್ನಿನಲ್ಲೇ ಹುಟ್ಟಿದವನು. 1940ರಲ್ಲಿ ಅವನಿನ್ನೂ ಹದಿಮೂರರ ಹುಡುಗ, ಶಿಬಿರದ ಮುಖವನ್ನೇ ಕಂಡವನಲ್ಲ. ಎಲ್ಲಕ್ಕಿಂತ ಮುಖ್ಯವಾದ ತೊಡಕು ಇನ್ನೊಂದಿದೆ. ಶಿಬಿರದ ಮೂವರೂ ಪಿಟೀಲು ವಾದಕರು. ಮೂರು ಪಿಟೀಲುಗಳಿಂದ ಸ್ಟ್ರಿಂಗ್ ಕ್ವಾರ್ಟೆಟ್ ಆಗುವುದಿಲ್ಲ.

ಸ್ಟ್ರಿಂಗ್ ಕ್ವಾರ್ಟೆಟ್ ಎಂದರೆ ಎರಡು ಪಿಟೀಲು, ಒಂದು ವಿಯೋಲಾ, ಒಂದು ಚೆಲ್ಲೊ. ಇದಕ್ಕೆ ನಿರ್ದೇಶಕನಿರುವುದಿಲ್ಲ. ದೊಡ್ಡ ವಾದ್ಯವೃಂದದಲ್ಲಿ ಒಬ್ಬನ ದನಿ ಇನ್ನೊಬ್ಬನದರಲ್ಲಿ ಮುಚ್ಚಿಹೋಗಬಹುದು. ಇಲ್ಲಿ ಪ್ರತಿಯೊಬ್ಬನೂ ತನ್ನ ಸಾಲನ್ನು ಒಂಟಿಯಾಗಿಯೇ ಹೊರಬೇಕು. ಹೈಡನ್ ಕಾಲದಲ್ಲಿ, ಎಂದರೆ ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ, ರೂಪುಗೊಂಡ ಈ ಪ್ರಕಾರ ಮೊದಲಿಗೆ ಸಿರಿವಂತರ ಮನೆಯ ಕೋಣೆಗೆ ಸೇರಿದ್ದು. ವಿಯೆನ್ನಾದಲ್ಲಿ ಶುಪಾನ್‌ಸಿಗ್ ಎಂಬ ವಾದಕ 1804ರ ಸುಮಾರಿಗೆ ಚಂದಾದಾರರಿಗಾಗಿ ಕ್ವಾರ್ಟೆಟ್ ಕಛೇರಿಗಳನ್ನು ನಡೆಸಿದ. ಅದೇ ವಾದಕ 1808ರಲ್ಲಿ ರಷ್ಯಾದ ರಾಯಭಾರಿ ರಜುಮೋವ್‌ಸ್ಕಿಯ ಆಶ್ರಯಕ್ಕೆ ಹೋದ. ಟಿಕೆಟ್ಟು ಮತ್ತು ಆಶ್ರಯದಾತ ಎಂಬ ಈ ಎರಡು ದಡಗಳ ನಡುವಿನ ಓಡಾಟ ಕ್ವಾರ್ಟೆಟ್‌ಗಳ ಚರಿತ್ರೆಯಲ್ಲಿ ಆಮೇಲೂ ನಿಂತಿಲ್ಲ.

1938ರ ಮಾರ್ಚ್‌ನಲ್ಲಿ ಜರ್ಮನಿ ಆಸ್ಟ್ರಿಯಾವನ್ನು ನುಂಗಿತು. ವಿಯೆನ್ನಾದಲ್ಲಿ ಹುಟ್ಟಿದ ಬ್ರೈನಿನ್‌ಗೆ ಆಗ ಹದಿನೈದು ವರ್ಷ. ಗೋಲರ್ಸ್‌ಡಾರ್ಫ್‌ನಲ್ಲಿ ಹುಟ್ಟಿದ ಶಿಡ್ಲಾಫ್, ಮ್ಯೂನಿಕ್‌ನಲ್ಲಿ ಹುಟ್ಟಿ ವಿಯೆನ್ನಾದಲ್ಲಿ ಬೆಳೆದ ನಿಸೆಲ್ ಅವನಿಗಿಂತ ಸ್ವಲ್ಪ ಹಿರಿಯರು. ನಿಸೆಲ್ ಬಂದದ್ದು ‘ಕಿಂಡರ್‌ಟ್ರಾನ್ಸ್‌ಪೋರ್ಟ್’ ಎಂಬ ಏರ್ಪಾಡಿನಲ್ಲಿ. ತಂದೆತಾಯಿಗಳನ್ನು ಬಿಟ್ಟು ಮಕ್ಕಳನ್ನು ಮಾತ್ರ ರೈಲು ಹತ್ತಿಸಿ ಕಳುಹಿಸಿದ ಈ ವ್ಯವಸ್ಥೆಯ ಮೂಲಕ ಸುಮಾರು 10,000 ಮಕ್ಕಳು ಬ್ರಿಟನ್ ತಲುಪಿದರು.

ಯುದ್ಧ ಆರಂಭವಾದಾಗ ಬ್ರಿಟಿಷ್ ಸರ್ಕಾರ ವಿಚಾರಣಾ ಮಂಡಳಿಗಳನ್ನು ನೇಮಿಸಿ ಜರ್ಮನ್ ಮತ್ತು ಆಸ್ಟ್ರಿಯನ್ ಮೂಲದವರನ್ನು ಎ, ಬಿ, ಸಿ ಎಂದು ವಿಂಗಡಿಸಿತು. ನಿಜವಾದ ನಿರಾಶ್ರಿತರು ಬಹುತೇಕ ‘ಸಿ’ ವರ್ಗಕ್ಕೆ ಸೇರಿದ್ದರು; ಅಂದರೆ ಅವರಿಂದ ಅಪಾಯವಿಲ್ಲ. 1940ರ ಬೇಸಿಗೆಯಲ್ಲಿ ಫ್ರಾನ್ಸ್ ಕುಸಿಯುತ್ತಲೇ ಈ ವಿವೇಕ ಮಾಯವಾಯಿತು. ಸುಮಾರು 27,000 ಜನರನ್ನು ಶಿಬಿರಗಳಿಗೆ ಸಾಗಿಸಲಾಯಿತು. ನಾತ್ಸಿಗಳಿಂದ ಓಡಿಬಂದವರನ್ನು ನಾತ್ಸಿಗಳ ಬೆಂಬಲಿಗರಿರಬಹುದೆಂದು ಬಂಧಿಸಿದ ಈ ಪ್ರಸಂಗವನ್ನು ಬ್ರಿಟನ್ನಿನ ಚರಿತ್ರಕಾರರೇ ಕಠಿಣವಾಗಿ ವಿಮರ್ಶಿಸಿದ್ದಾರೆ.

ಶಿಬಿರಗಳಲ್ಲಿ ಸಂಗೀತ ಇದ್ದದ್ದು ನಿಜ. ಅದಕ್ಕೊಂದು ಉದಾಹರಣೆ ಹಾನ್ಸ್ ಗಾಲ್. ವಿಯೆನ್ನಾದ ಈ ಸಂಗೀತ ರಚನಕಾರ ಲಿವರ್‌ಪೂಲ್ ಬಳಿಯ ಹೈಟನ್ ಶಿಬಿರದಲ್ಲಿ ಬಂಧಿಯಾಗಿದ್ದಾಗ ಒಂದು ಕೊಳಲು ಮತ್ತು ಎರಡು ಪಿಟೀಲುಗಳಿಗೆಂದು ‘ಹೈಟನ್ ಸ್ವೀಟ್’ ಎಂಬ ಕೃತಿಯನ್ನು ರಚಿಸಿದರು. ವಿಯೋಲಾ, ಚೆಲ್ಲೊ ಏಕಿಲ್ಲವೆಂದರೆ ಶಿಬಿರದಲ್ಲಿ ಅವು ಇರಲಿಲ್ಲ. ಕೈಗೆ ಸಿಕ್ಕಿದ್ದರಲ್ಲಿ ಮೇಳ ಕಟ್ಟಿಕೊಳ್ಳುವ ಈ ಬಗೆ ಜನಪದ ಕಲಾವಿದರಿಗೆ ಹೊಸದೇನಲ್ಲ. ಗ್ರಂಥಸ್ಥ ಪರಂಪರೆಯ ರಚನಕಾರನೊಬ್ಬ ಅದಕ್ಕೆ ಇಳಿಯಬೇಕಾಗಿ ಬಂದದ್ದು ವಿಶೇಷ.

ಜಾನಪದ ವಿದ್ಯಾರ್ಥಿಗಳು ಇಲ್ಲಿ ಇನ್ನೊಂದು ಹೆಸರನ್ನು ಗುರುತಿಸಬೇಕು. ಬಂಧಿತ ವಿದೇಶಿ ಸಂಗೀತಗಾರರ ಬಿಡುಗಡೆಗಾಗಿ ಗೃಹ ಇಲಾಖೆ ನೇಮಿಸಿದ ಸಮಿತಿಯ ಅಧ್ಯಕ್ಷರಾಗಿದ್ದವರು ರಾಲ್ಫ್ ವಾನ್ ವಿಲಿಯಮ್ಸ್. 1903ರಲ್ಲಿ ಎಸೆಕ್ಸ್ ಪ್ರಾಂತದ ಹಳ್ಳಿಯೊಂದರಲ್ಲಿ ಮುದುಕನೊಬ್ಬನ ಹಾಡನ್ನು ಬರೆದುಕೊಂಡು ಇಂಗ್ಲಿಷ್ ಜನಪದ ಗೀತೆಗಳ ಸಂಗ್ರಹಕ್ಕೆ ತೊಡಗಿದ, ‘ರಾಷ್ಟ್ರೀಯ ಸಂಗೀತ’ದ ಪ್ರತಿಪಾದಕರೆಂದೇ ಹೆಸರಾದ ಸಂಗೀತಗಾರ ಇವರು. ತನ್ನ ನೆಲದ ಹಾಡನ್ನು ಪ್ರೀತಿಸುವುದಕ್ಕೂ ಪರದೇಶಿ ಸಂಗೀತಗಾರನನ್ನು ಹೊರಗಿಡುವುದಕ್ಕೂ ಸಂಬಂಧವಿಲ್ಲವೆಂಬುದಕ್ಕೆ ಅವರ ಈ ಕೆಲಸವೇ ಸಾಕ್ಷಿ. ನಮ್ಮ ಜಾನಪದ ಅಧ್ಯಯನದ ಚರಿತ್ರೆಗಳಲ್ಲಿ ಸಂಗ್ರಾಹಕ ವಾನ್ ವಿಲಿಯಮ್ಸ್ ಅಲ್ಲಲ್ಲಿ ಕಾಣಿಸುತ್ತಾರೆ, ಈ ಸಮಿತಿಯ ಅಧ್ಯಕ್ಷ ಕಾಣಿಸುವುದಿಲ್ಲ.

ಬಿಡುಗಡೆಯಾದದ್ದರಿಂದ ಬದುಕು ಸಲೀಸಾಗಲಿಲ್ಲ. ಬ್ರೈನಿನ್ ಯುದ್ಧಕಾಲದಲ್ಲಿ ಯಂತ್ರೋಪಕರಣಗಳ ಕಾರ್ಖಾನೆಯಲ್ಲಿ ದುಡಿದ. ಪಿಟೀಲಿನ ತಂತಿಯ ಮೇಲೆ ಓಡಬೇಕಾದ ಬೆರಳುಗಳು ಕಬ್ಬಿಣದೊಡನೆ ಹೆಣಗಬೇಕಾಯಿತು. ಇಂಥ ಸ್ಥಿತಿಯಲ್ಲಿ ಈ ಮೂವರಿಗೂ ದೊರೆತ ಗುರು ಮ್ಯಾಕ್ಸ್ ರೋಸ್ತಾಲ್. ಬರ್ಲಿನ್ನಿನಲ್ಲಿ ಅಧ್ಯಾಪಕರಾಗಿದ್ದ ರೋಸ್ತಾಲ್ ನಾತ್ಸಿ ಆಡಳಿತದ ಕಾರಣದಿಂದಲೇ 1934ರಲ್ಲಿ ಲಂಡನ್ನಿಗೆ ಬಂದವರು. ಅವರು ಈ ಹುಡುಗರಿಗೆ ಶುಲ್ಕವಿಲ್ಲದೆ ಪಾಠ ಹೇಳಿದರು. ನಮ್ಮ ಕಡೆಯ ಗುರುಶಿಷ್ಯ ಪರಂಪರೆಯ ಕಥೆಗಳನ್ನು ಕೇಳಿ ಬೆಳೆದವರಿಗೆ ಇದು ಸಹಜವೆನಿಸಬಹುದು. ಆದರೆ ಗಂಟೆಯ ಲೆಕ್ಕದಲ್ಲಿ ಪಾಠ ಮಾರಿ ಜೀವಿಸಬೇಕಾದ ನಗರದಲ್ಲಿ, ತಾನೂ ಬೇರು ಕಿತ್ತುಬಂದ ಅಧ್ಯಾಪಕನೊಬ್ಬ ಮೂವರು ವಿದ್ಯಾರ್ಥಿಗಳಿಗೆ ವರ್ಷಗಟ್ಟಲೆ ಉಚಿತವಾಗಿ ಕಲಿಸುವುದೆಂದರೆ ತನ್ನ ಸಂಪಾದನೆಯ ಒಂದು ಭಾಗವನ್ನೇ ಬಿಟ್ಟುಕೊಟ್ಟಂತೆ. ಮೇಳದ ಬಂಡವಾಳದಲ್ಲಿ ಇದು ಮೊದಲನೆಯದು. ರೋಸ್ತಾಲರ ಬಳಗದಿಂದಲೇ ಚೆಲ್ಲೊ ವಾದಕನೂ ದೊರೆತ. ಅವರ ಶಿಷ್ಯೆ, ಪಿಟೀಲು ವಾದಕಿ ಸುಝಾನ್ ರೋಜಾ ಅವರ ಪರಿಚಯದ ಮೂಲಕ ಲವೆಟ್ ಈ ಮೂವರ ಜೊತೆಗೂಡಿದ. ಮುಂದೆ ರೋಜಾ ಮತ್ತು ಲವೆಟ್ ದಂಪತಿಗಳಾದರು.

ಈಗ ವಿಯೋಲಾದ ಪ್ರಶ್ನೆ ಉಳಿಯಿತು. ಮೂವರಲ್ಲಿ ಒಬ್ಬ ಪಿಟೀಲನ್ನು ಕೆಳಗಿಡಬೇಕಿತ್ತು. ಇಟ್ಟವನು ಶಿಡ್ಲಾಫ್.

ವಿಯೋಲಾ ಪಿಟೀಲಿಗಿಂತ ತುಸು ದೊಡ್ಡದು, ಐದು ಸ್ವರಗಳಷ್ಟು ತಗ್ಗಿನ ಶ್ರುತಿಯದು. ಮೇಲಿನ ಪಿಟೀಲಿಗೂ ಕೆಳಗಿನ ಚೆಲ್ಲೊಗೂ ನಡುವೆ ನಿಂತು ಎರಡನ್ನೂ ಬೆಸೆಯುವುದು ಅದರ ಕೆಲಸ. ಸಾಮಾನ್ಯ ಕೇಳುಗನ ಕಿವಿಗೆ ಮೊದಲು ಬೀಳುವುದು ಅದಲ್ಲ. ಒಂಟಿವಾದನದ ಕೃತಿಗಳೂ ಪಿಟೀಲಿಗಿರುವಷ್ಟು ಅದಕ್ಕಿಲ್ಲ. ಹಾಗಾಗಿ ಪಿಟೀಲು ವಾದಕನಾಗಿ ಹೆಸರು ಮಾಡಬೇಕೆಂದು ಬಂದ ಇಪ್ಪತ್ತರ ಆಸುಪಾಸಿನ ಯುವಕ ವಿಯೋಲಾಕ್ಕೆ ತಿರುಗುವುದೆಂದರೆ ವಾದ್ಯವನ್ನು ಬದಲಿಸಿದಂತಷ್ಟೇ ಅಲ್ಲ, ತನ್ನ ಭವಿಷ್ಯವನ್ನು ಬೇರೆ ದಾರಿಗೆ ಹಚ್ಚಿದಂತೆ. ಕ್ಷೇತ್ರಕಾರ್ಯದ ದಿನಗಳಲ್ಲಿ ಚಾಮರಾಜನಗರದ ಕಡೆಯ ಹಿರಿಯ ಹಿಮ್ಮೇಳಗಾರರೊಬ್ಬರು ಹೇಳಿದ ಮಾತು ಈ ಸಂದರ್ಭದಲ್ಲಿ ನೆನಪಾಗುತ್ತದೆ. ‘ನನಗೂ ಕತೆ ಬರ್ತದೆ ಸ್ವಾಮಿ, ಪೂರಾ ಬರ್ತದೆ. ಇಬ್ಬರೂ ಮುಂದೆ ಕುಂತ್ರೆ ಹಿಂದೆ ಯಾರು ಕುಂತ್ಕಳೋರು?’ ಎಂದಿದ್ದರು ಅವರು. ದನಿಯಲ್ಲಿ ಹೆಮ್ಮೆಯೂ ಇತ್ತು, ಸ್ವಲ್ಪ ಕೊರಗೂ ಇತ್ತು. ಅಂದು ಆ ಮಾತನ್ನು ನಾನು ಟಿಪ್ಪಣಿ ಪುಸ್ತಕದ ಅಂಚಿನಲ್ಲಿ ಬರೆದುಕೊಂಡೆ. ಮಹಾಪ್ರಬಂಧದಲ್ಲಿ ಅದಕ್ಕೆ ಜಾಗ ಕೊಡಲಿಲ್ಲ. ಮುಖ್ಯ ಗಾಯಕನ ವಂಶಾವಳಿಗೆ ಆರು ಪುಟ ಕೊಟ್ಟಿದ್ದೆ. ಮೇಳಗಳನ್ನು ಅಧ್ಯಯನ ಮಾಡುವ ನಮ್ಮ ಕ್ರಮದಲ್ಲೇ ಇರುವ ಓರೆ ಇದು. ಮೇಳ ಉಳಿಯುವುದು ಹಿಂದೆ ಕುಳಿತವನ ನಿರ್ಧಾರದಿಂದ ಎಂಬುದನ್ನು ತಡವಾಗಿ ಅರಿತೆ.

ಮೇಳ ಸಿದ್ಧವಾದರೆ ಸಾಲದು, ಕೇಳುವವರೂ ಇರಬೇಕು. ಇಲ್ಲಿ ಕಾಲ ಈ ನಾಲ್ವರಿಗೆ ಅನುಕೂಲವಾಗಿತ್ತು. ಯುದ್ಧ ಆರಂಭವಾಗುತ್ತಲೇ ಲಂಡನ್ನಿನ ನ್ಯಾಷನಲ್ ಗ್ಯಾಲರಿಯ ಚಿತ್ರಗಳನ್ನು ಸುರಕ್ಷಿತ ಸ್ಥಳಗಳಿಗೆ ಸಾಗಿಸಿದ್ದರು. ಬರಿದಾದ ಆ ಕಟ್ಟಡದಲ್ಲಿ ಪಿಯಾನೊ ವಾದಕಿ ಮೈರಾ ಹೆಸ್ 1939ರ ಅಕ್ಟೋಬರ್‌ನಿಂದ 1946ರ ಏಪ್ರಿಲ್‌ವರೆಗೆ ಮಧ್ಯಾಹ್ನದ ಕಛೇರಿಗಳನ್ನು ನಡೆಸಿದರು; ಅವುಗಳ ಸಂಖ್ಯೆ 1,700ಕ್ಕೆ ಸಮೀಪ. ಬಾಂಬು ಬೀಳುತ್ತಿದ್ದ ದಿನಗಳಲ್ಲೂ ಅವು ನಿಲ್ಲಲಿಲ್ಲ. ಕಚೇರಿಯ ಗುಮಾಸ್ತರು, ಸೈನಿಕರು ಅಲ್ಪ ಶುಲ್ಕ ತೆತ್ತು ಬಂದು ಕ್ವಾರ್ಟೆಟ್ ಸಂಗೀತ ಕೇಳಿದರು. ಸಿರಿವಂತರ ಕೋಣೆಯ ಸಂಗೀತಕ್ಕೆ ಹೀಗೆ ಹೊಸ ಕೇಳುಗ ಸಮುದಾಯವೊಂದು ತಯಾರಾಯಿತು. 1946ರಲ್ಲಿ ಬ್ರಿಟನ್ನಿನ ಕಲಾ ಮಂಡಳಿ ರಾಜಸನ್ನದು ಪಡೆಯಿತು. ಅದೇ ವರ್ಷ ಸೆಪ್ಟೆಂಬರ್ 29ರಂದು ಬಿಬಿಸಿಯ ‘ಥರ್ಡ್ ಪ್ರೋಗ್ರಾಮ್’ ಎಂಬ ಗಂಭೀರ ಬಾನುಲಿ ವಾಹಿನಿ ಆರಂಭವಾಯಿತು. ಬಾನುಲಿಗೆ ದಿನವೂ ಸಂಗೀತ ಬೇಕಿತ್ತು. ಯುವ ಮೇಳಕ್ಕೆ ಅದು ಊಟದ ದಾರಿ.

1947ರ ಬೇಸಿಗೆಯಲ್ಲಿ ಡೆವನ್ ಪ್ರಾಂತದ ಡಾರ್ಟಿಂಗ್‌ಟನ್ ಹಾಲ್‌ನಲ್ಲಿ ಈ ನಾಲ್ವರು ‘ಬ್ರೈನಿನ್ ಕ್ವಾರ್ಟೆಟ್’ ಎಂಬ ಹೆಸರಿನಲ್ಲಿ ನುಡಿಸಿದರು. ಡಾರ್ಟಿಂಗ್‌ಟನ್‌ಗೂ ನಮಗೂ ದೂರದ ನಂಟಿದೆ. ಅದನ್ನು ಕಟ್ಟಿದ ಲಿಯೋನಾರ್ಡ್ ಎಲ್ಮ್‌ಹರ್ಸ್ಟ್ ಅದಕ್ಕೆ ಮೊದಲು ರವೀಂದ್ರನಾಥ ಠಾಕೂರರ ಜೊತೆ ಶ್ರೀನಿಕೇತನದಲ್ಲಿ ಕೆಲಸ ಮಾಡಿದವರು. ಅಲ್ಲಿ ಸಂಗೀತ ಕಲಿಸುತ್ತಿದ್ದ ಇಮೋಜನ್ ಹೋಲ್ಸ್ಟ್, ರಚನಕಾರ ಗುಸ್ಟಾವ್ ಹೋಲ್ಸ್ಟರ ಮಗಳು, ಯುವಕರ ವಾದನಕ್ಕೆ ಮನಸೋತು ಲಂಡನ್ನಿನ ವಿಗ್ಮೋರ್ ಹಾಲ್‌ನಲ್ಲಿ ಅವರ ರಂಗಪ್ರವೇಶದ ವೆಚ್ಚದ ಹೊಣೆ ಹೊತ್ತರು. ಆ ಕಾಲದ ಪದ್ಧತಿಯಂತೆ ಹೊಸ ಕಲಾವಿದರು ಸಭಾಂಗಣವನ್ನು ತಾವೇ ಬಾಡಿಗೆಗೆ ಪಡೆದು, ಜಾಹೀರಾತು ತಾವೇ ಕೊಟ್ಟು, ವಿಮರ್ಶಕರು ಬಂದಾರೆಂದು ಕಾಯಬೇಕಿತ್ತು. ಆ ಒಂದು ಸಂಜೆ ನೆಲಕಚ್ಚಿದರೆ ಇನ್ನೊಂದು ಸಂಜೆಗೆ ಹಣವಿರುತ್ತಿರಲಿಲ್ಲ. ಹೋಲ್ಸ್ಟ್ ಭರಿಸಿದ್ದು ಈ ಅಪಾಯವನ್ನು.

ವಿಗ್ಮೋರ್ ಹಾಲ್‌ನ ಚರಿತ್ರೆಯೂ ಇಲ್ಲಿ ಗಮನಾರ್ಹ. ಬೆಕ್‌ಸ್ಟೈನ್ ಎಂಬ ಜರ್ಮನ್ ಪಿಯಾನೊ ಕಂಪನಿ ಕಟ್ಟಿಸಿದ ಈ ಸಭಾಂಗಣ 1901ರಲ್ಲಿ ‘ಬೆಕ್‌ಸ್ಟೈನ್ ಹಾಲ್’ ಎಂದು ತೆರೆಯಿತು. ಮೊದಲ ಮಹಾಯುದ್ಧದಲ್ಲಿ ಅದನ್ನು ಶತ್ರುವಿನ ಆಸ್ತಿಯೆಂದು ಪರಿಗಣಿಸಿ 1916ರಲ್ಲಿ 56,500 ಪೌಂಡ್‌ಗೆ ಹರಾಜು ಹಾಕಲಾಯಿತು. ಮರುವರ್ಷ ರಸ್ತೆಯ ಹೆಸರನ್ನೇ ಇಟ್ಟುಕೊಂಡು ಅದು ಮತ್ತೆ ತೆರೆಯಿತು. ಹೀಗೆ ಒಂದು ಯುದ್ಧದಲ್ಲಿ ‘ಶತ್ರು’ವೆನಿಸಿ ಹೆಸರು ಕಳೆದುಕೊಂಡ ಸಭಾಂಗಣದಲ್ಲಿ, ಇನ್ನೊಂದು ಯುದ್ಧದಲ್ಲಿ ‘ಶತ್ರು’ಗಳೆನಿಸಿದ್ದ ಮೂವರು 1948ರ ಜನವರಿ 10ರಂದು ಹೊಸ ಹೆಸರಿನೊಡನೆ ವೇದಿಕೆಯೇರಿದರು.

ಆ ಹೆಸರು ಅಮೇಡಿಯಸ್. ಮೊಟ್ಸಾರ್ಟನ ಹೆಸರಿನ ನಡುವಣ ಭಾಗ. ಯುರೋಪಿನ ಕ್ವಾರ್ಟೆಟ್‌ಗಳು ಬಹುಕಾಲ ಮೊದಲ ಪಿಟೀಲುಗಾರನ ಹೆಸರನ್ನೇ ಹೊತ್ತಿದ್ದವು. ವಿಯೆನ್ನಾದ ರೋಸೆ ಕ್ವಾರ್ಟೆಟ್ ಅಂಥದ್ದು. ಅರ್ಧ ಶತಮಾನಕ್ಕೂ ಮಿಕ್ಕಿ ಅದನ್ನು ನಡೆಸಿದ ಆರ್ನಾಲ್ಡ್ ರೋಸೆ ಕೂಡ ಯೆಹೂದಿಯಾದ ಕಾರಣಕ್ಕೆ ಗಡೀಪಾರಾದಂತೆ ಲಂಡನ್ ಸೇರಿದರು. ಅವರ ಮಗಳು ಆಲ್ಮಾ ರೋಸೆ ಆಶ್ವಿಟ್ಸ್ ಶಿಬಿರದಲ್ಲಿ ಬಂಧಿತ ಮಹಿಳೆಯರ ವಾದ್ಯವೃಂದವನ್ನು ನಡೆಸಿ 1944ರಲ್ಲಿ ಅಲ್ಲಿಯೇ ತೀರಿಕೊಂಡರು. ತಂದೆ 1946ರಲ್ಲಿ ಲಂಡನ್ನಿನಲ್ಲಿ ಕಣ್ಣುಮುಚ್ಚಿದರು. ವಿಯೆನ್ನಾದ ಹಳೆಯ ಮೇಳವೊಂದು ಮುಗಿದ ನಗರದಲ್ಲೇ, ಎರಡು ವರ್ಷ ತುಂಬುವ ಮೊದಲೇ, ವಿಯೆನ್ನಾದ ಹುಡುಗರ ಹೊಸ ಮೇಳ ಎದ್ದಿತು. ಹೊಸ ಮೇಳ ನಾಯಕನ ಹೆಸರನ್ನು ಬಿಟ್ಟು ನಾಲ್ವರಿಗೂ ಸಮಾನವಾಗಿ ಸಲ್ಲುವ ಹೆಸರನ್ನು ಆರಿಸಿಕೊಂಡಿತು. ವಿಯೋಲಾಕ್ಕೆ ಸರಿದವನಿಗೆ ಸಂದ ಗೌರವವೂ ಇದರಲ್ಲಿದೆಯೆಂದು ನನ್ನ ಊಹೆ.

ಇದೇ ವರ್ಷಗಳಲ್ಲಿ ಇದೇ ಲಂಡನ್ನಿನ ಸಂಗೀತಕ್ಕೆ ಮೈಸೂರಿನ ಹಣವೂ ಹರಿಯುತ್ತಿತ್ತೆಂಬುದನ್ನು ಇಲ್ಲಿ ಪ್ರಾಸಂಗಿಕವಾಗಿ ಹೇಳಬೇಕು. ಜಯಚಾಮರಾಜ ಒಡೆಯರು ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾಗಿದ್ದರು. ಮೂರು ವರ್ಷ ಕಾಲ ವರ್ಷಕ್ಕೆ 10,000 ಪೌಂಡ್ ನೆರವನ್ನು ಒದಗಿಸಿದರು. ಲಂಡನ್ನಿನಲ್ಲಿ ಬಡತನದಲ್ಲಿದ್ದ ರಷ್ಯನ್ ರಚನಕಾರ ನಿಕೊಲಾಯ್ ಮೆಟ್ನರ್ ಅವರ ಕೃತಿಗಳ ಧ್ವನಿಮುದ್ರಣಕ್ಕೆ ಬೆಂಬಲವಾಗಿ ನಿಂತವರೂ ಅವರೇ. ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಹಾಡುಗಳು 1950ರ ಮೇ 22ರಂದು ಲಂಡನ್ನಿನಲ್ಲಿ ಮೊದಲ ಬಾರಿಗೆ ಪ್ರಸ್ತುತಗೊಂಡದ್ದೂ ಅವರ ನೆರವಿನಿಂದ. ಅಮೇಡಿಯಸ್ ಮೇಳ ಈ ರಾಜಾಶ್ರಯದ ಫಲವಲ್ಲ. ಆದರೆ ಯುದ್ಧೋತ್ತರ ಲಂಡನ್ನಿನಲ್ಲಿ ದೊರೆಯ ಕೊಡುಗೆ, ಸರ್ಕಾರದ ಮಂಡಳಿ, ಬಾನುಲಿಯ ಸಂಭಾವನೆ, ಸಂಗೀತ ಕಲಿಸುವ ಹೆಣ್ಣುಮಗಳೊಬ್ಬಳ ಭರವಸೆ ಇವೆಲ್ಲ ಅಕ್ಕಪಕ್ಕದಲ್ಲೇ ಇದ್ದವೆಂಬುದು ಆ ಕಾಲದ ಚಿತ್ರವನ್ನು ಪೂರ್ಣಗೊಳಿಸುತ್ತದೆ. ಸಂಸ್ಥಾನ ಭಾರತದಲ್ಲಿ ವಿಲೀನವಾದ ಅನಂತರ ಮೈಸೂರಿನ ನೆರವು ತೆಳುವಾದದ್ದು ಬೇರೆಯೇ ಅಧ್ಯಯನಕ್ಕೆ ಯೋಗ್ಯವಾದ ವಿಷಯ.

ವಿಗ್ಮೋರ್ ಹಾಲ್‌ನ ಕಛೇರಿಯ ಬೆನ್ನಿಗೇ ಬಿಬಿಸಿಯ ಕರೆ ಬಂದಿತು. ಸ್ಪೇನಿನ ಪ್ರವಾಸ ನಡೆಯಿತು. 1950ರಲ್ಲಿ ಜರ್ಮನಿಯ ಉದ್ದಗಲಕ್ಕೂ ನುಡಿಸಿದರು. ಯುದ್ಧ ಮುಗಿದು ಐದೇ ವರ್ಷ. ನಗರಗಳು ಇನ್ನೂ ಹಾಳುಬಿದ್ದಿದ್ದವು. ಹನ್ನೆರಡು ವರ್ಷಗಳ ಹಿಂದೆ ತಮ್ಮನ್ನು ಅಟ್ಟಿದ ನಾಡಿನವರ ಎದುರಿಗೆ ಕುಳಿತು ಈ ಯುವಕರು ಮೊಟ್ಸಾರ್ಟ್, ಬೀಥೋವನ್, ಶೂಬರ್ಟ್‌ರನ್ನು ನುಡಿಸುವ ಮೇಳವಾಗಿ ಹೆಸರಾದರು. ಇದನ್ನು ಕ್ಷಮೆಯೆಂದು ಕರೆಯುವ ಬರಹಗಳಿವೆ. ನನಗೆ ಹಾಗೆನಿಸುವುದಿಲ್ಲ. ಆ ಸಂಗೀತ ಅಟ್ಟಿದವರ ಸ್ವತ್ತು ಎಂದು ಅವರು ಒಪ್ಪಿಕೊಂಡಿದ್ದರಲ್ಲವೆ ಕ್ಷಮೆಯ ಮಾತು? ತಾವು ಹೊತ್ತುತಂದದ್ದನ್ನು ತಮ್ಮದೆಂದೇ ಅವರು ನುಡಿಸಿದರು. ಕ್ರಮೇಣ ಜರ್ಮನಿಯ ಡಾಯ್ಚ ಗ್ರಾಮೋಫೋನ್ ಸಂಸ್ಥೆಯೇ ಅವರ ಧ್ವನಿಮುದ್ರಣಗಳ ಮನೆಯಾಯಿತು. ಬೀಥೋವನ್‌ನ ಎಲ್ಲ ಕ್ವಾರ್ಟೆಟ್‌ಗಳು ಸೇರಿದಂತೆ ಒಟ್ಟು ಸುಮಾರು 200 ಕೃತಿಗಳನ್ನು ಮೇಳ ಮುದ್ರಿಸಿತು.

ಬದುಕಿರುವ ರಚನಕಾರರ ಕೃತಿಗಳನ್ನು ಅಮೇಡಿಯಸ್ ವಿರಳವಾಗಿ ನುಡಿಸಿತೆಂಬ ಆಕ್ಷೇಪ ನ್ಯಾಯವಾದದ್ದು. ಅದಕ್ಕೆ ದೊಡ್ಡ ಅಪವಾದ ಬೆಂಜಮಿನ್ ಬ್ರಿಟನ್. ಅವರ ಮೂರನೆಯ ಕ್ವಾರ್ಟೆಟ್ 1975ರಲ್ಲಿ ರಚಿತವಾಯಿತು. ರಚನಕಾರರು 1976ರ ಡಿಸೆಂಬರ್ 4ರಂದು ತೀರಿಕೊಂಡರು. ಅದೇ ತಿಂಗಳ 19ರಂದು ಸ್ನೇಪ್ ಮಾಲ್ಟಿಂಗ್ಸ್ ಸಭಾಂಗಣದಲ್ಲಿ ಈ ನಾಲ್ವರು ಅದನ್ನು ಮೊದಲ ಬಾರಿಗೆ ನುಡಿಸಿದರು.

ಶಿಡ್ಲಾಫ್ 1987ರ ಆಗಸ್ಟ್‌ನಲ್ಲಿ ನಿಧನರಾದರು. ಯುರೋಪಿನ ಕ್ವಾರ್ಟೆಟ್‌ಗಳಲ್ಲಿ ಸದಸ್ಯನೊಬ್ಬ ಹೋದರೆ ಇನ್ನೊಬ್ಬನನ್ನು ತಂದು ಹೆಸರನ್ನು ಮುಂದುವರಿಸುವ ರೂಢಿಯಿದೆ. ವಿಯೋಲಾದ ಸ್ಥಾನವನ್ನು ತುಂಬುವುದು ಮೊದಲ ಪಿಟೀಲಿನ ಸ್ಥಾನದಷ್ಟು ಕಷ್ಟವಲ್ಲವೆಂಬ ಭಾವನೆಯೂ ಇದೆ. ಉಳಿದ ಮೂವರು ಹುಡುಕಲಿಲ್ಲ. ಮೇಳವನ್ನು ಅಲ್ಲಿಗೇ ನಿಲ್ಲಿಸಿ ಎಳೆಯ ಕ್ವಾರ್ಟೆಟ್‌ಗಳಿಗೆ ಪಾಠ ಹೇಳುವುದರಲ್ಲಿ ತೊಡಗಿದರು. ಬ್ರೈನಿನ್ 2005ರಲ್ಲಿ, ನಿಸೆಲ್ 2008ರಲ್ಲಿ ತೀರಿಕೊಂಡರು. ಕೊನೆಯವರಾಗಿ ಉಳಿದಿದ್ದ, ಶಿಬಿರವನ್ನು ಕಾಣದೆಯೂ ಶಿಬಿರದ ಕಥೆಗೆ ಸೇರಿಹೋದ ಲವೆಟ್ 2020ರ ಏಪ್ರಿಲ್‌ನಲ್ಲಿ ಕೋವಿಡ್ ಸೋಂಕಿನಿಂದ ನಿಧನರಾದರು.